ಹಳೇ ಡಬ್ಬಿಯ ಮೆಮೊರಿ ಓಡಿಸಿದ್ದು

ನನ್ನ ಕೈಯಾರೆ ತೆಗೆದ ವಿಡಿಯೋವನ್ನು ಇನ್ನೊಬ್ಬನ ಹೆಸರಿನಲ್ಲಿ ನಾನು ನೋಡಿದ್ದು ಅಕ್ಕಿಆಲೂರಿನ ಸಂತೆಯಲ್ಲಿ, ಉಳ್ಳಾಗಡ್ಡಿ ಮಾರುವವನ ಫೋನಿನೊಳಗೆ. ಹೋರಿಯೊಂದು ಜನರ ನಡುವಿನಿಂದ ನುಗ್ಗಿ ಬಂದು, ಒಬ್ಬನ ಹೆಗಲ ಮೇಲಿಂದ ಹಾರಿ ಹೋಗುವ ಶಾಟ್ ಅದು. ಅದನ್ನು ಹಿಡಿಯಲು ನಾನು ಟ್ರ್ಯಾಕ್ಟರ್ ಟ್ರೇಲರಿನ ಮೂಲೆಯಲ್ಲಿ ಬಿಸಿಲಿಗೆ ನಾಲ್ಕು ತಾಸು ನಿಂತಿದ್ದೆ. ಅಡಿಯಲ್ಲಿ ನನ್ನ ಹೆಸರಿದ್ದ ಪಟ್ಟಿಯನ್ನು ಕತ್ತರಿಸಿ ಒಗೆದು, ನೆತ್ತಿಯ ಮೇಲೆ ಬಂಗಾರದ ಅಕ್ಷರದಲ್ಲಿ ಹಾನಗಲ್ಲಿನ ಒಂದು ಸ್ಟುಡಿಯೋದ ಹೆಸರು ಕೂರಿಸಿದ್ದರು. ಉಳ್ಳಾಗಡ್ಡಿಯವನು, ‘ಏನ್ ತಗದಾನ್ರಿ ಮಗಾ!’ ಎಂದು ನನಗೇ ತೋರಿಸಿದ. ನಾನು ಚೀಲ ಅಲ್ಲೇ ಬಿಟ್ಟು ಹಾನಗಲ್ಲಿನ ಬಸ್ಸು ಹತ್ತಿದೆ.

ನಮ್ಮ ಕಡೆಯ ಈ ಆಟ ತಿಳಿಯದವರಿಗೆ ನಾಲ್ಕು ಮಾತು ಹೇಳಬೇಕು. ದೀಪಾವಳಿ ಕಳೆದದ್ದೇ ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲೂಕುಗಳಲ್ಲಿ ಹೋರಿ ಬೆದರಿಸುವ ಸ್ಪರ್ಧೆಗಳು ಶುರುವಾಗುತ್ತವೆ. ಹೋರಿಯ ಕೊರಳಿಗೆ ಕೊಬ್ಬರಿಯ ಮಾಲೆ ಕಟ್ಟಿ ಜನರ ನಡುವೆ ಬಿಡುತ್ತಾರೆ. ಸುಣ್ಣದ ಗೆರೆ ದಾಟುವುದರೊಳಗೆ ಯಾರಾದರೂ ಮಾಲೆ ಹರಿದರೆ ಹೋರಿ ಸೋತಿತು, ಹರಿಯದಿದ್ದರೆ ಗೆದ್ದಿತು. ಒಂದು ವಿಶೇಷ ಎಂದರೆ, ಎಳೆದಾಟದಲ್ಲಿ ಒಂದೋ ಎರಡೋ ಕೊಬ್ಬರಿ ಕಿತ್ತು ಬಿದ್ದರೆ ಅದನ್ನು ಸೋಲು ಎಂದು ಯಾರೂ ಹಿಡಿಯುವುದಿಲ್ಲ, ದಾರ ತುಂಡಾಗಬೇಕು. ಈ ಆಟದ ವಿಡಿಯೋ ತೆಗೆದು, ಸ್ಲೋ ಮೋಷನ್ ಎಂಬ ನಿಧಾನದ ಓಟ ಮಾಡಿ, ಹಾಡು ಜೋಡಿಸಿ ಬಿಡುವುದು ನನ್ನ ಕಸುಬು. ಹೋರಿಗಳಿಗೆ ಅಭಿಮಾನಿಗಳಿದ್ದಾರೆ. ಯಾರು ಮೊದಲು ಬಿಡುತ್ತಾರೋ ಅವರ ವಿಡಿಯೋ ಊರೂರು ಸುತ್ತುತ್ತದೆ, ಮುಂದಿನ ಸ್ಪರ್ಧೆಗೆ ಅವರನ್ನೇ ಕರೆಯುತ್ತಾರೆ. ಹೆಸರು ಹೋದರೆ ಈ ಕಸುಬಿನಲ್ಲಿ ಉಳಿಯುವುದು ಏನೂ ಇಲ್ಲ.

ಆ ಸ್ಟುಡಿಯೋದ ಮಾಲಕ ಗಲ್ಲಾದಲ್ಲಿ ಕೂತಿದ್ದ. ಅವನಿಗೆ ಸ್ವಂತ ಹೋರಿಯೂ ಇದೆ, ಹೊಸ ಕಂಪ್ಯೂಟರುಗಳೂ ಇವೆ. ‘ನನ್ನ ಶಾಟ್ ಯಾಕ ಕದ್ರಿ?’ ಎಂದು ಬಾಗಿಲಲ್ಲೇ ನಿಂತು ಕೇಳಿದೆ.

‘ಕದಿಯಾಕ ಅದೇನು ಬಂಗಾರೇನೋ?’ ಎಂದ. ‘ಹೋರಿ ಮಾಲಕಗ ನೀನ ಕಳಿಸಿದ್ದಿ, ಅಂವ ನನಗ ಕಳಿಸಿದ. ನಿನ್ನ ಆ ಹಳೇ ಡಬ್ಬಿಯೊಳಗ ನೀ ಮಿಕ್ಸ್ ಮಾಡಿ ಬಿಡೋದ್ರಾಗ ಮುಂದಿನ ದೀಪಾವಳಿ ಬಂದಿರ್ತೈತಿ. ನಾ ಬಿಟ್ಟೆ, ಜನಾ ನೋಡಿದ್ರು. ಕೈಮುಗುದು ಹೋಗಲೇ.’

ಮದುವೆಯ ಆಲ್ಬಮ್ ನೋಡಲು ಬಂದಿದ್ದ ಒಂದು ಮನೆತನದವರೆಲ್ಲ ನಕ್ಕರು. ಒಬ್ಬ ಹೆಣ್ಣುಮಗಳು ಸೆರಗು ಬಾಯಿಗಿಟ್ಟುಕೊಂಡು ನಕ್ಕದ್ದು ಇನ್ನೂ ಕಣ್ಣಿಗೆ ಕಟ್ಟಿದೆ. ನನಗೆ ಮೈಯೆಲ್ಲ ಉರಿ ಎದ್ದಿತು. ಸುಳ್ಳು ಯಾಕೆ ಹೇಳಲಿ, ಅಕ್ಕಿಆಲೂರು ಮುಟ್ಟುವವರೆಗೂ ಬಸ್ಸಿನಲ್ಲಿ ಅವನ ಅಂಗಡಿಗೆ ಬೆಂಕಿ ಬೀಳಲಿ, ಅವನ ಹೋರಿಗೆ ಕಾಲುಬಾಯಿ ಬೇನೆ ಬರಲಿ ಎಂದು ಹಾರೈಸುತ್ತ ಬಂದೆ. ಮನೆಯಲ್ಲೂ ಅದೇ ಜಪ. ನನ್ನ ಹೆಂಡತಿ ರೊಟ್ಟಿ ಬಡಿಯುತ್ತ ಕೇಳುವಷ್ಟು ಕೇಳಿ, ‘ನೀವು ಬೈದ್ರ ಅವನ ಕಂಪ್ಯೂಟರ್ ನಿಧಾನ ಆಗ್ತೈತೇನ್ರಿ? ನಿಮ್ಮದು ಜೋರಾಗಿ ಓಡೋ ಹಂಗ ಮಾಡ್ಕೋರಿ’ ಎಂದಳು. ಅವಳು ಬಾಯಿ ಮುಚ್ಚಿಸಲು ಹೇಳಿದ ಮಾತು. ನನಗೆ ಅದೇ ಸೇಡಿನ ದಾರಿಯಾಗಿ ಕಂಡಿತು.

ನನ್ನ ಯಂತ್ರ ಹತ್ತು ವರ್ಷ ದಾಟಿದ್ದು. ಅದರ ಮದರ್‌ಬೋರ್ಡಿಗೆ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲ, ಪ್ರೊಸೆಸರಿನ ಹೊಟ್ಟೆಯೊಳಗೇ ಗ್ರಾಫಿಕ್ಸ್ ಇದೆ. ಒಂದು ಹಾಡಿನ ಅಳತೆಯ ವಿಡಿಯೋ ತಯಾರಾಗಿ ಹೊರಬರಲು ಐದು ತಾಸು. ಹೊಸದು ತರುವ ಮಾತು ಬಿಡಿ. ನಾನು ಸವಣೂರಿಗೆ ಹೋದೆ. ಅಲ್ಲಿ ಹಳೇ ಕಂಪ್ಯೂಟರುಗಳ ಬಿಡಿಭಾಗ ಮಾರುವ ಒಬ್ಬ ಚಾಚಾ ಇದ್ದಾರೆ. ಕೆಟ್ಟ ಬೋರ್ಡನ್ನು ಮೂಸಿ ನೋಡಿ ಯಾವ ಭಾಗ ಸುಟ್ಟಿದೆ ಎಂದು ಹೇಳುವ ಮನುಷ್ಯ.

ಚಾಚಾ ನನ್ನ ಡಬ್ಬಿ ಬಿಚ್ಚಿದವರೇ ತಲೆ ಬಡಿದುಕೊಂಡರು. ‘ಅರೆ, ಒಂದ ಮೆಮೊರಿ ಕಡ್ಡಿ ಹಾಕ್ಕೊಂಡು ಇಷ್ಟು ವರ್ಷ ಹೆಂಗ ದುಡಿದ್ರಿ? ಇದರ ಗ್ರಾಫಿಕ್ಸಿಗೆ ತನ್ನ ಸ್ವಂತ ಮೆಮೊರಿ ಇಲ್ಲ. ಪ್ರೊಸೆಸರ್ ಉಣ್ಣೋ ತಾಟಿನ್ಯಾಗ ಇದೂ ಉಣ್ಣಬೇಕು. ತಾಟಿಗೆ ಬಡಿಸೋ ಕೈ ನಿಧಾನ ಆದ್ರ ಇಬ್ರೂ ಉಪವಾಸ.’

ಒಂದೇ ಜಾತಿಯ ಎರಡು ಮೆಮೊರಿ ಕಡ್ಡಿಗಳನ್ನು ಆರಿಸಿ, ಒಂದೇ ಬಣ್ಣದ ಎರಡು ಸಂದುಗಳಲ್ಲಿ ಕೂರಿಸಿದರು. ಹಾಗೆ ಕೂರಿಸಿದರೆ ಎರಡೂ ಕೈಯಿಂದ ಬಡಿಸಿದಂತೆ ಎಂದರು. ಕಡ್ಡಿಗಳ ಮೇಲೆ ಅವುಗಳ ವೇಗ 1600 ಎಂದು ಬರೆದಿತ್ತು. ನನ್ನ ಬೋರ್ಡು ತಾನಾಗಿ ಅವನ್ನು 1333ರಲ್ಲಿ ಓಡಿಸುತ್ತಿತ್ತು. ‘ಕೈಯಿಂದ ಏರಿಸಿದ್ರ 1866 ಮುಟ್ಟತಾವ. 2133 ನಸೀಬು. ಒಂದೊಂದ ಮೆಟ್ಟಲಾ ಏರ್ರಿ, ಪ್ರತಿ ಮೆಟ್ಟಲಕ್ಕೂ ಪರೀಕ್ಷೆ ಹಚ್ರಿ. ಒಂದ ಒಂದು ತಪ್ಪು ಬಂದ್ರೂ ಕೆಳಗಿಳೀರಿ. ಯಾರ ಮ್ಯಾಲೆ ಇಷ್ಟು ಸಿಟ್ಟು ನಿಮಗ?’

ನಾನು ಹೇಳಿದೆ. ಚಾಚಾ ಸ್ಕ್ರೂ ಬಿಗಿಯುತ್ತ, ‘ಸಿಟ್ಟಿಲೇ ವೋಲ್ಟೇಜ್ ಏರಿಸಬ್ಯಾಡ್ರಿ’ ಎಂದಷ್ಟೇ ಹೇಳಿದರು.

ಮರುದಿನ ಬೆಳಗ್ಗೆ ಕೆಲಸಕ್ಕೆ ಕೂತೆ. ಕಂಪ್ಯೂಟರ್ ಚಾಲೂ ಆಗುವಾಗಲೇ ಕೀಲಿ ಒತ್ತಿ ಒಳಗೆ ಹೋಗುವ ಬಯೋಸ್ ಎಂಬ ಪುಟದಲ್ಲಿ ಮೆಮೊರಿಯ ವೇಗ, ವೋಲ್ಟೇಜು, ಟೈಮಿಂಗು ಎಲ್ಲ ಇರುತ್ತವೆ. ಟೈಮಿಂಗು ಎಂದರೆ, ಕೇಳಿದ್ದನ್ನು ತಂದುಕೊಡುವ ಮುನ್ನ ಮೆಮೊರಿ ಎಷ್ಟು ಎಣಿಕೆ ಕಾಯಬೇಕು ಎಂಬ ಲೆಕ್ಕ. ವೇಗ ಏರಿಸಿದಾಗ ಈ ಎಣಿಕೆಯನ್ನು ಸಡಿಲ ಬಿಡಬೇಕು, ಇಲ್ಲವಾದರೆ ಉಸಿರುಗಟ್ಟುತ್ತದೆ. 1600ಕ್ಕೆ ಏರಿಸಿದೆ, ಹೂವೆತ್ತಿದಂತೆ ಎದ್ದಿತು. 1866ಕ್ಕೆ ಹೋಗುವಾಗ ಒಂಬತ್ತರ ಎಣಿಕೆಯನ್ನು ಹತ್ತು ಮಾಡಿದೆ. ಪೆನ್‌ಡ್ರೈವಿನಲ್ಲಿದ್ದ ಪರೀಕ್ಷೆಯ ತಂತ್ರಾಂಶ ಹಚ್ಚಿ ಬೆಳಗಿನಿಂದ ಸಂಜೆವರೆಗೆ ಬಿಟ್ಟೆ. ಒಂದೂ ತಪ್ಪಿಲ್ಲ. ಐದು ತಾಸಿನ ಕೆಲಸ ನಾಲ್ಕು ತಾಸಿಗೆ ಇಳಿಯಿತು. ಬುದ್ಧಿ ಇದ್ದವನು ಅಲ್ಲಿಗೆ ನಿಲ್ಲಿಸುತ್ತಿದ್ದ.

ನನಗೆ 2133 ಬೇಕಿತ್ತು. ಮೊದಲ ಸಲ ಪರದೆ ಕಪ್ಪಾಯಿತು, ಫ್ಯಾನು ತಿರುಗುತ್ತದೆ, ಬೇರೇನೂ ಇಲ್ಲ. ಬೋರ್ಡಿನ ಗುಂಡು ಸೆಲ್ಲು ತೆಗೆದು, ಎರಡು ಪಿನ್ನುಗಳನ್ನು ಸ್ಕ್ರೂಡ್ರೈವರಿನಿಂದ ಮುಟ್ಟಿಸಿ, ಎಲ್ಲ ಮರೆಸಿ ಮತ್ತೆ ಮೊದಲಿನಿಂದ ಶುರು ಮಾಡಿದೆ. ಎಣಿಕೆ ಹನ್ನೊಂದು ಮಾಡಿದೆ, ಎದ್ದಿತು, ವಿಂಡೋಸ್ ಬರುವಾಗ ನೀಲಿ ಪರದೆ. ವೋಲ್ಟೇಜನ್ನು ಒಂದೂವರೆಯಿಂದ 1.6 ಮಾಡಿದೆ, ಆಮೇಲೆ 1.65. ಸೆಲ್ಲು ತೆಗೆದು ಹಾಕಿ ಉಗುರಿನ ಸಂದಿ ಸೀಳಿತು. ಪ್ರತಿ ಸಲ ಕಪ್ಪು ಪರದೆ ಬಂದಾಗ ಅದರೊಳಗೆ ಮಾಲಕನ ಮುಖ ಕಂಡು, ‘ತಡೀ ಮಗನ’ ಎಂದು ಮತ್ತೆ ಕೂರುತ್ತಿದ್ದೆ. ಕಡ್ಡಿಗಳು ಬಿಸಿಯಾಗುತ್ತವೆಂದು ಹೆಂಡತಿಯ ಹೊಲಿಗೆ ಯಂತ್ರದ ಬಳಿ ಇದ್ದ ಸಣ್ಣ ಫ್ಯಾನನ್ನು ತಂದು ಡಬ್ಬಿಯ ಬಾಯಿಗೆ ಇಟ್ಟೆ. ಮೂರನೆಯ ದಿನ ಯಂತ್ರ 2133ರಲ್ಲಿ ನಿಂತಿತು.

ಪರೀಕ್ಷೆ ಹಚ್ಚಿದೆ. ಮೊದಲ ಸುತ್ತು ಶುದ್ಧ, ಎರಡನೆಯದು ಶುದ್ಧ. ಮೂರನೆಯ ಸುತ್ತಿನ ಕೊನೆಗೆ ಒಂದು ಕೆಂಪು ಗೆರೆ: ತಪ್ಪು, ಒಂದು. ಕೋಟಿಗಟ್ಟಲೆ ಸಲ ಬರೆದು ಓದಿದ್ದರಲ್ಲಿ ಒಂದೇ ಒಂದು. ಚಾಚಾ ಹೇಳಿದ್ದು ನೆನಪಿತ್ತು. ಆದರೆ ನಾನು ಹೋರಿ ಅಖಾಡದಲ್ಲಿ ಬೆಳೆದವನು. ಒಂದು ಕೊಬ್ಬರಿ ಕಿತ್ತು ಬಿದ್ದರೆ ಹೋರಿ ಸೋತಂತೆಯೇ? ದಾರ ಗಟ್ಟಿ ಇದೆಯಲ್ಲ! ಹಾಗೆಂದು ನನಗೆ ನಾನೇ ತೀರ್ಪು ಕೊಟ್ಟುಕೊಂಡು ಪೆನ್‌ಡ್ರೈವು ಕಿತ್ತೆ. ಮೆಮೊರಿಯಲ್ಲಿ ಒಂದು ಹೋಯಿತೆಂದರೆ ಮಾಲೆಯೇ ಹೋಯಿತು ಎಂಬುದು ನನ್ನಂಥವನ ತಲೆಗೆ ಹೋಗಲಿಲ್ಲ.

ಮುಂದಿನ ಎರಡು ಸ್ಪರ್ಧೆಗಳಲ್ಲಿ ನಾನೇ ಮೊದಲು ಬಿಟ್ಟೆ. ಮೂರೂವರೆ ತಾಸಿಗೆ ಕೆಲಸ ಮುಗಿಯುತ್ತಿತ್ತು. ಒಮ್ಮೆ ಅವನಿಗಿಂತ ಮುಕ್ಕಾಲು ತಾಸು ಮುಂದೆ, ಇನ್ನೊಮ್ಮೆ ಸಂಜೆ ಹೊತ್ತು ಮುಳುಗುವುದರೊಳಗೆ. ಎರಡನೆಯ ಸಲ ಆ ವಿಡಿಯೋವನ್ನು ಅವನ ಫೋನಿಗೂ ಕಳಿಸಿದೆ. ‘ಮುಂದಿನ ದೀಪಾವಳಿ ಬಂತ್ರಿ’ ಎಂದು ಕೆಳಗೆ ಬರೆದೆ. ನೋಡಿದ್ದಾನೆ ಎಂಬ ಎರಡು ನೀಲಿ ಗೀಟು ಮೂಡಿದವು. ಆ ಗೀಟುಗಳನ್ನು ನಾನು ದಿನಕ್ಕೆ ಹತ್ತು ಸಲ ತೆರೆದು ನೋಡುತ್ತಿದ್ದೆ. ಅಂಥ ಸುಖ ನನಗೆ ಊಟದಲ್ಲಿಯೂ ಸಿಕ್ಕಿಲ್ಲ.

ಮೂರನೆಯ ಸ್ಪರ್ಧೆ ಹಂಸಭಾವಿ ಕಡೆಯ ಒಂದು ಊರಲ್ಲಿ. ಕೊನೆಗೆ ಉಳಿದದ್ದು ಎರಡು ಹೋರಿ: ತಿಳವಳ್ಳಿಯವರದೊಂದು, ಹಾನಗಲ್ಲಿನ ನನ್ನ ವೈರಿಯದೊಂದು. ತಿಳವಳ್ಳಿಯ ಹೋರಿ ಮಾಲೆ ಉಳಿಸಿಕೊಂಡು ಗೆರೆ ದಾಟಿತ್ತು, ಆದರೆ ಓಡಿದ್ದು ತುಸು ಮೆಲ್ಲಗೆ; ಎರಡೂ ಮಾಲೆ ಉಳಿಸಿಕೊಂಡರೆ ಜೋರಾಗಿ ಓಡಿದ್ದಕ್ಕೆ ಗೆಲುವು. ಸ್ಟುಡಿಯೋ ಮಾಲಕನ ಹೋರಿ ಬಿರುಗಾಳಿಯ ಹಾಗೆ ಬಂದು ಗೆರೆಯ ಹತ್ತಿರ ಧೂಳಿನಲ್ಲಿ ಮುಳುಗಿತು. ಧೂಳು ಇಳಿದಾಗ ಒಬ್ಬ ತರುಣ ಕೈಯಲ್ಲಿ ಹರಿದ ಮಾಲೆ ಎತ್ತಿ ಹಿಡಿದು ಕುಣಿಯುತ್ತಿದ್ದ. ಗೆರೆಗಿಂತ ಮೊದಲು ಹರಿಯಿತು ಎಂದು ತಿಳವಳ್ಳಿಯವರು, ದಾಟಿದ ಮೇಲೆ ಹರಿಯಿತು ಎಂದು ಹಾನಗಲ್ಲಿನವರು. ಕೈಕೈ ಮಿಲಾಯಿಸುವ ಹೊತ್ತಿಗೆ ಕಮಿಟಿಯ ಹಿರಿಯರು ನಡುವೆ ಬಂದರು.

ಮಾಲಕನ ಕ್ಯಾಮೆರಾ ಹೋರಿ ಬಿಡುವ ತುದಿಯಲ್ಲಿತ್ತು. ಗೆರೆಯ ನೇರಕ್ಕೆ ಇದ್ದದ್ದು ನನ್ನದೊಂದೇ. ಹಿರಿಯರು ನನ್ನನ್ನು ಕರೆದು, ‘ನಾಳೆ ಹನ್ನೊಂದಕ್ಕ ನಿಧಾನದ ಓಟಾ ಮಾಡಿ ತಗೊಂಡ ಬಾರಪಾ. ಅದರಾಗ ಕಂಡಂಗ ತೀರ್ಪು. ಎಲ್ಲಾರೂ ಒಪ್ಪಿದ್ರಿ?’ ಎಂದರು. ಎಲ್ಲರೂ ಒಪ್ಪಿದರು. ಮಾಲಕ ಮಾತ್ರ ನನ್ನ ಮುಖವನ್ನೇ ನೋಡುತ್ತಿದ್ದ. ಅವನ ಮಾನ ನನ್ನ ಕ್ಯಾಮೆರಾದ ಕಾರ್ಡಿನೊಳಗೆ ಇದೆ ಎಂದುಕೊಂಡು ನಾನು ಗಾಡಿಯ ಮೇಲೆ ಹಾಡುತ್ತ ಬಂದೆ.

ಬೆಳಗ್ಗೆ ಎದ್ದು ಕಾರ್ಡಿನಿಂದ ವಿಡಿಯೋ ಯಂತ್ರಕ್ಕೆ ಇಳಿಸಿಕೊಂಡೆ, ನಿಧಾನದ ಓಟಕ್ಕೆ ಹಚ್ಚಿದೆ, ಪೂರ್ತಿ ನೋಡದೆ ಫೋನಿಗೆ ಹಾಕಿಕೊಂಡು ಓಡಿದೆ. ಪಂಚಾಯತಿ ಕಟ್ಟೆಯ ಮೇಲೆ ಟಿವಿ ಇಟ್ಟಿದ್ದರು. ಹೋರಿ ಬಂತು, ಗೆರೆ ಬಂತು, ತರುಣನ ಕೈ ಮಾಲೆಗೆ ಬಿತ್ತು. ಆ ಗಳಿಗೆಗೆ ಸರಿಯಾಗಿ ಹೋರಿಯ ಕೊರಳಿನ ಮೇಲೆ ಹಸಿರು, ಗುಲಾಬಿ ಬಣ್ಣದ ಚೌಕಗಳು ಚೆಲ್ಲಿಬಿದ್ದವು. ಚೌಕಗಳು ಸರಿದಾಗ ಹೋರಿ ಗೆರೆಯಾಚೆ ಇತ್ತು, ಮಾಲೆ ತರುಣನ ಕೈಯಲ್ಲಿತ್ತು.

ಮೆಮೊರಿ ಪರೀಕ್ಷೆಯಲ್ಲಿ ಕಂಡ ಕೆಂಪು ಗೆರೆಯ ಆ ಒಂದು ತಪ್ಪು ಎಲ್ಲಿ ಬಂದು ಕೂತಿದೆ ನೋಡಿ!

‘ಬೇಕಂತ ಅಳಿಸ್ಯಾನ!’ ಮಾಲಕ ಎದ್ದು ನಿಂತ. ‘ನನ್ನ ಮ್ಯಾಲಿನ ಹಗೀಗೆ ಕೊಳ್ಳಾಗಿನ ಮಾಲೀನ ಒರಸ್ಯಾನ. ಇಂಥಾವನ ಕೈಯಾಗ ಕ್ಯಾಮೆರಾ ಕೊಡಬಾರದು.’ ತಿಳವಳ್ಳಿಯವರಾದರೂ ನನ್ನ ಪರ ನಿಂತಾರೇ ಎಂದು ನೋಡಿದೆ. ಅವರಲ್ಲೊಬ್ಬ, ‘ಹಾನಗಲ್ಲಿನವರ ಕಡೆ ಎಷ್ಟು ತಿಂದಿ?’ ಎಂದು ಕೇಳಿದ. ಮೆಮೊರಿ ವೇಗ, ವೋಲ್ಟೇಜು ಎಂದು ನಾನು ಬಾಯಿ ತೆರೆದೆ. ಯಾರಿಗೆ ಬೇಕು ಅದು? ಈ ನಾಲ್ಕು ತಾಲೂಕಿನಲ್ಲಿ ಇನ್ನು ಮುಂದೆ ನಾನು ತೀರ್ಪು ಅಳಿಸುವವನು ಎಂದಾಗುತ್ತಿತ್ತು. ಕಾರ್ಡು ಇನ್ನೂ ಅಳಿಸಿಲ್ಲ, ಮೂಲ ಅದರಲ್ಲಿದೆ, ಸಂಜೆವರೆಗೆ ಹೊತ್ತು ಕೊಡಿ ಎಂದು ಹಿರಿಯರಿಗೆ ಕೈಮುಗಿದೆ. ‘ಐದು ಗಂಟೆ’ ಎಂದರು ಅವರು. ‘ಆಮ್ಯಾಲೆ ತಿಳವಳ್ಳಿ ಹೋರಿಗೆ ಕೊಟ್ಟಬಿಡ್ತೇವಿ. ನಿನ್ನೂ ಇನ್ನ ಯಾವ ಅಖಾಡಕ್ಕೂ ಕರಿಯಂಗಿಲ್ಲ.’

ಮನೆಗೆ ಬಂದವನೇ ಬಯೋಸ್ ತೆರೆದು, ಮೂರು ದಿನ ಉಗುರು ಸೀಳಿಕೊಂಡು ಗೆದ್ದದ್ದನ್ನೆಲ್ಲ ಒಂದು ಕೀಲಿಯಲ್ಲಿ ಅಳಿಸಿದೆ. 1866 ದಿನವಿಡೀ ಪರೀಕ್ಷೆ ದಾಟಿತ್ತು, ಅಲ್ಲಿಗೆ ಇಳಿದರೂ ಸಾಕಿತ್ತು. ಆದರೂ ಬೋರ್ಡು ತಾನಾಗಿ ಓಡಿಸುತ್ತಿದ್ದ 1333ಕ್ಕೇ ಇಳಿಸಿದೆ. ಹೊತ್ತು ಮೀರುತ್ತಿದ್ದರೂ ಮುಕ್ಕಾಲು ತಾಸಿನ ಒಂದು ಪೂರ್ತಿ ಸುತ್ತು ಪರೀಕ್ಷೆಗೆ ಬಿಟ್ಟು, ಕೈಕಟ್ಟಿ ಕೂತೆ. ತಪ್ಪು ಸೊನ್ನೆ. ಆಮೇಲೆ ಕಾರ್ಡಿನಿಂದ ಹೊಸದಾಗಿ ಇಳಿಸಿಕೊಂಡು ಒಂದೊಂದೇ ಚಿತ್ರ ಸರಿಸುತ್ತ ಹೋದೆ. ಹೆಂಡತಿ ಬೆನ್ನ ಹಿಂದೆ ನಿಂತಿದ್ದಳು.

ಚೌಕಗಳಿಲ್ಲ. ತರುಣನ ಬೆರಳು ದಾರದೊಳಗೆ ಸಿಕ್ಕಿದೆ. ದಾರ ಬಿಗಿದಿದೆ. ಹೋರಿಯ ಕೊರಳು ಗೆರೆ ದಾಟಿದೆ. ದಾರ ಇನ್ನೂ ಬಿಗಿದಿದೆ. ಒಂದು ಕೊಬ್ಬರಿ ಹಾರಿತು. ಹೋರಿಯ ಮುಂಗಾಲು, ಹೊಟ್ಟೆ ಎಲ್ಲ ಗೆರೆಯಾಚೆ ಹೋದ ಮೇಲೆ ದಾರ ಹರಿಯಿತು.

ಅವನ ಹೋರಿಯೇ ಗೆದ್ದಿತ್ತು.

ನಾನು ಹಣೆಗೆ ಕೈ ಹಚ್ಚಿ ಕೂತೆ. ಫೈಲ್ ಕೆಟ್ಟುಹೋಗಿದೆ, ಕಾರ್ಡಿನಲ್ಲೂ ಹಾಗೇ ಇದೆ ಎಂದುಬಿಟ್ಟರೆ ಅವನ ಹೋರಿ ಎರಡನೆಯದಾಗುತ್ತದೆ. ಯಂತ್ರ ಮಾಡಿದ ತಪ್ಪನ್ನು ನಾನು ಬರೀ ಸುಮ್ಮನಿದ್ದು ಸೇಡಾಗಿ ಮಾಡಿಕೊಳ್ಳಬಹುದು. ಆಸೆಯಾಗಲಿಲ್ಲ ಎಂದರೆ ನನ್ನ ನಾಲಿಗೆ ಸೇದಿಹೋಗಲಿ. ಬಾಯಲ್ಲಿ ನೀರೂರುವಷ್ಟು ಆಸೆಯಾಯಿತು. ನಿಜ ಹೇಳುವ ಆಸೆಯಿಂದ ನಾನು ಕಾರ್ಡು ತೆರೆದವನೇ ಅಲ್ಲ, ಮಾಲೆ ಮೊದಲೇ ಹರಿದದ್ದು ಕಾಣಲಿ ಎಂದು ತೆರೆದವನು.

‘ಏನ್ ಮಾಡ್ತೀರಿ ಈಗ?’ ಹೆಂಡತಿ ಕೇಳಿದಳು.

‘ಅವನ್ನ ಗೆಲ್ಲಸಂಗಿಲ್ಲ’ ಎಂದೆ.

‘ಗೆಲ್ಲಿಸ್ಬ್ಯಾಡ್ರಿ. ಅಂವ ಒಂದು ಆಟ ಸೋಲ್ತಾನ, ಮುಂದಿನ ವಾರ ಇನ್ನೊಂದು ಅಖಾಡದಾಗ ಗೆಲ್ತಾನ. ನೀವು ಬಾಳೇವು ಪೂರ್ತಿ ತೀರ್ಪು ಅಳಿಸೋರಾಗತೀರಿ. ಸಿಟ್ಟಿನ್ಯಾಗ ಕೊಯ್ಕೊಂಡ ಮೂಗು ಶಾಂತಾದ ಮ್ಯಾಲೆ ಬರಂಗಿಲ್ಲರಿ.’

ಮೂಗಿನ ಮಾತು ನನಗೆ ಹಿಡಿಸಲಿಲ್ಲ. ಆದರೆ ಪರದೆಯ ಮೇಲೆ ನಿಂತಿದ್ದ ಚಿತ್ರವನ್ನು ನೋಡುತ್ತಿದ್ದಂತೆ ಇನ್ನೊಂದು ಹೊಳೆಯಿತು. ಇಷ್ಟು ದಿನ ನನ್ನ ಹೆಸರನ್ನು ಅಡಿಯ ಪಟ್ಟಿಯಲ್ಲಿ ಹಾಕುತ್ತಿದ್ದೆ. ಯಾವನಾದರೂ ಕತ್ತರಿಸಬಹುದಾದ ಜಾಗ. ಇವತ್ತು ಆ ಹೆಸರನ್ನು ಓರೆಯಾಗಿ ಇಟ್ಟೆ. ಮೊದಲ ಅಕ್ಷರ ಸುಣ್ಣದ ಗೆರೆಯ ಮೇಲೆ, ಕೊನೆಯ ಅಕ್ಷರ ಹೋರಿಯ ಕೊರಳಿನ ಮೇಲೆ. ದಾರವೂ ಗೆರೆಯೂ ಸ್ಪಷ್ಟವಾಗಿ ಕಾಣುವಷ್ಟು ತೆಳುವಾಗಿ, ಹೆಸರನ್ನು ದೂರದಿಂದ ಓದಲು ಬರುವಷ್ಟು ದೊಡ್ಡದಾಗಿ. ಹೋರಿ ಸರಿದಂತೆಲ್ಲ ಹೆಸರೂ ಸರಿಯುವ ಹಾಗೆ ಒಂದೊಂದು ಚಿತ್ರಕ್ಕೂ ಕೈಯಿಂದ ಕೂರಿಸಿದೆ. ತುಣುಕು ಚಿಕ್ಕದಾಗಿದ್ದರಿಂದ ಯಂತ್ರ ನಿಧಾನಕ್ಕೆ, ತನ್ನ ಹಳೇ ನಡಿಗೆಯಲ್ಲೇ ಹೊತ್ತಿನೊಳಗೆ ಕೆಲಸ ಮುಗಿಸಿತು. ಈ ಸಲ ಮೊದಲಿನಿಂದ ಕೊನೆವರೆಗೆ ಎರಡು ಸಲ ನೋಡಿ ಗಾಡಿ ಹತ್ತಿದೆ.

ಐದಕ್ಕೆ ಐದು ನಿಮಿಷ ಇರುವಾಗ ಕಟ್ಟೆ ಮುಟ್ಟಿದೆ. ಹಿರಿಯರು ಮೂರು ಸಲ ಹಾಕಿಸಿ ನೋಡಿದರು, ದಾರ ಬಿಗಿದ ಜಾಗದಲ್ಲಿ ನಿಲ್ಲಿಸಿ ಕನ್ನಡಕ ಏರಿಸಿ ನೋಡಿದರು. ‘ಹಾನಗಲ್ಲಿನ ಹೋರಿ’ ಎಂದರು. ತಿಳವಳ್ಳಿಯವರು ಎದ್ದು ಹೋದರು. ಅವರಲ್ಲಿ ಕೆಲವರು ನನ್ನನ್ನು ಇವತ್ತಿಗೂ ಮಾತಾಡಿಸುವುದಿಲ್ಲ. ಮಾಲಕನ ಕಡೆಯವರು ಗುಲಾಲು ಹಾರಿಸಿದರು. ಅವನು ನನ್ನ ಹತ್ತಿರ ಬಂದ. ನಾನು ಅವನನ್ನು ಗೆಲ್ಲಿಸುತ್ತೇನೆ ಎಂದು ಅವನು ಕನಸಿನಲ್ಲೂ ಎಣಿಸಿರಲಿಲ್ಲ, ಹಾಗಾಗಿ ಮುಖ ಎತ್ತ ಇಡಬೇಕೆಂದು ತಿಳಿಯದೆ ಒದ್ದಾಡುತ್ತಿದ್ದ. ನನಗೆ ಅವನ ಮೇಲೆ ಒಂದು ಚೂರೂ ಕರುಣೆ ಬರಲಿಲ್ಲ.

‘ಚಲೋ ಮಾಡಿದ್ರಿ’ ಎಂದ. ಈ ಸಲ ‘ಲೇ’ ಬಿಟ್ಟು ‘ರಿ’ ಹಚ್ಚಿದ. ‘ಅಭಿಮಾನಿಗಳು ಕೇಳಾಕತ್ತಾರ್ರಿ, ಎಲ್ಲಾರಿಗೂ ಬಿಡಬೇಕು. ಆ ಹೆಸರೊಂದು ತಗದು ಒಂದು ಕಾಪಿ ಕೊಡ್ರಿ.’

‘ತಗೀಬಹುದ್ರಿ’ ಎಂದೆ. ‘ಆದ್ರ ಮೂಲಾ ನಾ ಯಾರಿಗೂ ಕೊಡಂಗಿಲ್ಲ, ಹೆಸರಿನ ಜಾಗಾ ಕತ್ತರಿಸಿದ್ರ ಗೆರಿನೂ ಹೋಗ್ತೈತಿ, ಮಾಲಿನೂ ಹೋಗ್ತೈತಿ. ಆಮ್ಯಾಲೆ ನಿಮ್ಮ ಹೋರಿ ಗೆದ್ದದ್ದನ್ನ ಯಾರ ನಂಬ್ತಾರ? ಬೇಕಾದ್ರ ಹೇಳ್ರಿ, ಈಗ ತಗದು ಕೊಡ್ತೇನಿ.’

ಅವನು ಟಿವಿಯ ಕಡೆ ನೋಡಿದ, ತನ್ನ ಹುಡುಗರ ಕಡೆ ನೋಡಿದ. ‘ಇರಲಿ ಬಿಡ್ರಿ’ ಎಂದ.

ಮುಂದಿನ ಶುಕ್ರವಾರ ಹಾನಗಲ್ಲಿಗೆ ಹೋಗಿ ಅವನ ಸ್ಟುಡಿಯೋದ ಎದುರಿನ ಚಹಾದಂಗಡಿಯಲ್ಲಿ ಕೂತೆ. ಗಾಜಿನ ಹಿಂದಿನ ದೊಡ್ಡ ಟಿವಿಯಲ್ಲಿ ಅವನ ಹೋರಿ ಗೆರೆ ದಾಟುತ್ತಿತ್ತು, ಕೊರಳ ಮೇಲೆ ನನ್ನ ಹೆಸರು ಹೊತ್ತುಕೊಂಡು. ಅಂಗಡಿಗೆ ಬಂದ ಪ್ರತಿಯೊಬ್ಬರಿಗೂ ಅವನೇ ಎದ್ದು ಬಂದು ಬೆರಳಿಟ್ಟು ತೋರಿಸುತ್ತಿದ್ದ. ನಾನು ಮೂರು ಚಹಾ ಕುಡಿದೆ, ಏಳು ಸಲ ನೋಡಿದೆ.